ಇಡು ಅಂದೆ, ಇಟ್ಟಳು

ನನ್ನ ಬೀರುವಿನಲ್ಲಿ, ಪಿಂಚಣಿಯ ಕಾಗದಗಳ ಜೊತೆಗೆ, ಒಂದು ಪ್ರಮಾಣಪತ್ರ ಇದೆ. ಹಸಿರು ಅಂಚು, ಮೂಲೆಯಲ್ಲಿ ಎಲೆಯ ಚಿತ್ರ, ಕೆಳಗೆ ಯಾರದೋ ಸಹಿ. ನಾವು ಒಪ್ಪಿಸಿದ ಹಳೆಯ ಎಲೆಕ್ಟ್ರಾನಿಕ್ ಸಾಮಾನುಗಳನ್ನೆಲ್ಲ ಪರಿಸರಕ್ಕೆ ಹಾನಿಯಾಗದಂತೆ, ಅವುಗಳಲ್ಲಿದ್ದ ಮಾಹಿತಿಯನ್ನು ಯಾರೂ ಮತ್ತೆ ಹೊರತೆಗೆಯಲಾಗದಂತೆ ನಾಶಪಡಿಸಲಾಗಿದೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿದೆ. ನಾಶವಾದದ್ದರಲ್ಲಿ ಅಂಗೈಯಗಲದ ಒಂದು ಕಪ್ಪು ಹಾರ್ಡ್ ಡಿಸ್ಕೂ ಇತ್ತು. ತೀರಿಹೋದ ನನ್ನ ಗಂಡನ ದನಿ ಉಳಿದಿದ್ದದ್ದು ಅದೊಂದರಲ್ಲಿ. ನನ್ನ ಮಗಳು ಬಾಯಿ ತುಂಬ ಕನ್ನಡ ಮಾತಾಡಿದ್ದು ಉಳಿದಿದ್ದದ್ದೂ ಅದೊಂದರಲ್ಲೇ. ಅದನ್ನು ಕಸದ ಪೆಟ್ಟಿಗೆಗೆ ಹಾಕಿದವಳು ಮಗಳು. ಹಾಕು ಎಂದು ಹೇಳಿದವಳು ನಾನು. ನಾನು ಹಾಗೆ ಹೇಳುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ, ಅಷ್ಟೆ.

ನಾನು ಮೈಸೂರಿನವಳು. ಬ್ಯಾಂಕಿನ ಕೆಲಸ ಸಿಕ್ಕಿ ತಿರುವನಂತಪುರಕ್ಕೆ ಬಂದೆ. ಗಂಡನೂ ನಮ್ಮ ಕಡೆಯವರೇ. ಅವರಿಗೆ ಅಲ್ಲೇ ಹತ್ತಿರದ ತುಂಬ ಎಂಬ ಊರಿನಲ್ಲಿ ಕೇಂದ್ರ ಸರ್ಕಾರದ ಕೆಲಸ, ನಕ್ಷೆ ಬರೆಯುವ ವಿಭಾಗ. ಎರಡು ವರ್ಷ ಇದ್ದು ಊರಿಗೆ ವರ್ಗ ಕೇಳೋಣ ಎಂದುಕೊಂಡು ಬಂದವರು ಅಲ್ಲೇ ತಲೆ ನರೆಸಿಕೊಂಡೆವು. ಮಗಳು ಹುಟ್ಟಿದ್ದೂ ಅಲ್ಲೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳಂ, ಆಫೀಸಿಗೆ ಹೋದರೆ ಇಂಗ್ಲಿಷು. ನಾವಿಬ್ಬರೂ ಮೂರನ್ನೂ ಬೇರೆ ಬೇರೆ ಇಟ್ಟುಕೊಂಡು ಬದುಕಿದೆವು. ಮಕ್ಕಳಿಗೆ ಅದು ಬರುವುದಿಲ್ಲ, ಅವರಿಗೆ ಗೋಡೆಗಳು ಕಾಣುವುದಿಲ್ಲ.

ಗಂಡನಿಗೆ ಕೆಟ್ಟ ವಸ್ತುವನ್ನು ಎಸೆಯುವುದೆಂದರೆ ಸೋತ ಹಾಗೆ. ಚಾಲೈ ಪೇಟೆಗೆ ಈರುಳ್ಳಿ ತರಲು ಹೋದವರು ಅಲ್ಲಿನ ಗಲ್ಲಿಯೊಂದರಲ್ಲಿ ಹಳೆಯ ರೇಡಿಯೋ ಬಿಡಿಭಾಗ ಮಾರುವವನ ಜೊತೆ ಒಂದು ಗಂಟೆ ಹರಟಿ, ಜೇಬು ತುಂಬ ಕೆಪಾಸಿಟರ್ ತುಂಬಿಕೊಂಡು, ಈರುಳ್ಳಿ ಮರೆತು ಬರುತ್ತಿದ್ದರು. ನಾನು ಬೈಯುತ್ತಿದ್ದೆ. "ಹುಳಿಗೆ ಇದನ್ನೇ ಹೆಚ್ಚಿ ಹಾಕ್ಲಾ?" ಎಂದರೆ, "ಹಾಕು, ಕಬ್ಬಿಣದ ಅಂಶ ಒಳ್ಳೇದು" ಎನ್ನುತ್ತಿದ್ದರು. ನಮ್ಮ ಮೊದಲ ಕಂಪ್ಯೂಟರು ಹದಿನಾಲ್ಕು ವರ್ಷ ಬದುಕಿತು. ಅದರ ಫ್ಯಾನು ಮೂರು ಸಲ ಬದಲಾಗಿತ್ತು, ಪೆಟ್ಟಿಗೆಯ ಒಂದು ಬದಿಗೆ ಮುಚ್ಚಳವೇ ಇರಲಿಲ್ಲ, ಆನ್ ಮಾಡಿದರೆ ಮಿಕ್ಸಿಯ ಸದ್ದು. ಪರಿಸರ ಎಂಬ ಮಾತನ್ನು ಅವರು ಒಮ್ಮೆಯೂ ಆಡಿದ್ದು ನನಗೆ ನೆನಪಿಲ್ಲ. ಕೆಟ್ಟಿದ್ದನ್ನು ಸರಿಮಾಡುವುದು ಅವರಿಗೆ ಒಂದು ಚಟ.

ಆ ಕಂಪ್ಯೂಟರಿಗೆ ಚಾಲೈಯಿಂದಲೇ ತಂದ ಒಂದು ಮೈಕು ಚುಚ್ಚಿ, ಭಾನುವಾರ ಎಣ್ಣೆನೀರು ಆದಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಆಗ ಅವಳಿಗೆ ನಾಲ್ಕು ವರ್ಷ. ನನ್ನ ಅಮ್ಮ ಎರಡು ವರ್ಷ ನಮ್ಮ ಜೊತೆ ಬಂದು ಇದ್ದಳಾದ್ದರಿಂದ ಹುಡುಗಿಯ ಬಾಯಲ್ಲಿ ಮೈಸೂರಿನ ಮುದುಕಿಯರ ಮಾತು.

"ಯಾರಪ್ಪ ಇದು ಮಾತಾಡ್ತಿರೋದು?"

"ನಾನು."

"ನಾನು ಅಂದ್ರೆ ಯಾರು?"

"ನಾನು ಅಂದ್ರೆ ನಾನೇ. ಹೋಗತ್ಲಾಗೆ, ಅಷ್ಟೂ ಗೊತ್ತಿಲ್ವಾ ನಿಂಗೆ?"

ಆಮೇಲೆ ಅವರ ನಗು. ನಗು ತಡೆಯಲಾಗದೆ ಮೈಕನ್ನು ದೂರ ಹಿಡಿದದ್ದು ಕೇಳಿಸುತ್ತಿತ್ತು. ಹೀಗೆ ಎರಡು ವರ್ಷದ ಭಾನುವಾರಗಳು. ಶಾಲೆಗೆ ಸೇರಿದ ಮೇಲೆ ಅವಳ ಮಾತು ಕಡಿಮೆಯಾಗುತ್ತ ಬಂತು. ಕೊನೆಯದರಲ್ಲಿ ಅವರು, "ಬೆಳಿಗ್ಗೆ ಏನ್ ತಿಂದೆ ಕಂದ?" ಎಂದರೆ ಅವಳು, "ಪುಟ್ಟುಂ ಕಡಲಯುಂ," ಪುಟ್ಟು, ಕಡಲೆ, ಎನ್ನುತ್ತಾಳೆ. "ಕನ್ನಡದಲ್ಲಿ ಹೇಳು" ಎಂದರೆ, "ಎನಿಕ್ ಅರಿಯಿಲ್ಲ," ನನಗೆ ಗೊತ್ತಿಲ್ಲ, ಎನ್ನುತ್ತಾಳೆ. ಸ್ವಲ್ಪ ಹೊತ್ತು ಫ್ಯಾನಿನ ಸದ್ದು. ಅಷ್ಟಕ್ಕೆ ಮುಗಿಯುತ್ತಿತ್ತು. ಮುಂದಿನ ಭಾನುವಾರ ಅವರು ಮೈಕು ತೆಗೆಯಲಿಲ್ಲ. ಯಾಕೆ ಎಂದು ನಾನು ಕೇಳಲೂ ಇಲ್ಲ, ನನಗೆ ಬಟ್ಟೆ ಒಗೆಯುವುದಿತ್ತು.

ಅಂದಿನಿಂದ ಅವಳು ನಮ್ಮ ಕನ್ನಡಕ್ಕೆ ಮಲಯಾಳದಲ್ಲಿ ಉತ್ತರ ಕೊಡುವವಳಾದಳು. ಎಲ್ಲ ಅರ್ಥವಾಗುತ್ತಿತ್ತು. ನನ್ನ ಬೈಗುಳವಂತೂ ಅಕ್ಷರಶಃ ಅರ್ಥವಾಗುತ್ತಿತ್ತು. ನಮ್ಮಂಥ ಎಲ್ಲ ಮನೆಯಲ್ಲೂ ಹಾಗೇ, ತಲೆ ಕೆಡಿಸಿಕೊಳ್ಳಲಿಲ್ಲ.

ನಾಲ್ಕೂವರೆ ವರ್ಷದ ಹಿಂದೆ ಗಂಡ ಆಫೀಸ್ ಬಸ್ಸಿಗೆ ಕಾಯುತ್ತ ನಿಂತಲ್ಲೇ ಕುಸಿದರು. ಆಸ್ಪತ್ರೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಮೇಲೆ ಪ್ರತಿ ವರ್ಷ ಅವರ ತಿಥಿಯ ದಿನ, ಅಡುಗೆ ಮಾಡಿ ಕಾಗೆಗಿಟ್ಟ ಮೇಲೆ, ನಾನು ಆ ಭಾನುವಾರಗಳನ್ನು ಒಂದೊಂದಾಗಿ ಕೇಳುತ್ತಿದ್ದೆ. ಮಗಳನ್ನು ಕರೆದರೆ, "ಇಪ್ಪೋ ವೇಂಡ ಅಮ್ಮಾ," ಈಗ ಬೇಡ, ಎನ್ನುತ್ತಿದ್ದಳು. ಅವಳಿಗೆ ಧೈರ್ಯವಿರಲಿಲ್ಲ. ಚಿಕ್ಕವಳಿದ್ದಾಗ ಕೇಳಿದ್ದೆಷ್ಟೋ ಅಷ್ಟೇ. ನಾನೂ ಒತ್ತಾಯ ಮಾಡಲಿಲ್ಲ. ಇದೆಯಲ್ಲ, ಎಲ್ಲಿಗೆ ಹೋಗುತ್ತದೆ, ಮನಸ್ಸಾದಾಗ ಕೇಳುತ್ತಾಳೆ ಎಂದುಕೊಂಡೆ.

ಅಷ್ಟರಲ್ಲಿ ಅವಳಿಗೆ ಕೊಚ್ಚಿಯ ಕಾಲೇಜೊಂದರಲ್ಲಿ ಪರಿಸರ ವಿಜ್ಞಾನ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಆಲುವದಲ್ಲಿ ಒಂದು ಫ್ಲಾಟು ಹಿಡಿದಳು, ಅಲ್ಲಿಂದ ಮೆಟ್ರೋದಲ್ಲಿ ಓಡಾಟ. ನಾನು ಇನ್ನೂ ತಿರುವನಂತಪುರದಲ್ಲೇ, ಬ್ಯಾಂಕಿನಲ್ಲಿ. ಫೋನಿನಲ್ಲಿ ನಮ್ಮಿಬ್ಬರ ಮಾತು ಒಣಗಿಹೋಗಿತ್ತು. "ಊಟ ಆಯ್ತಾ?" "ಕಳಿಚ್ಚು," ಆಯ್ತು. "ಮಳೇನಾ?" "ಉಂಡ್," ಇದೆ. ಅಪ್ಪನ ವಿಷಯ ಅವಳೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ, ಮಿಕ್ಕಿದ್ದರಲ್ಲಿ ಮಾತಾಡಲು ಏನಿತ್ತು.

ಒಂದು ದಿನ ಅವಳು ಕೇಳಿದಳು, ಟೀವಿ ಆರಿಸಿದ ಮೇಲೂ ಅದರ ಮೂಲೆಯಲ್ಲಿ ಕೆಂಪು ದೀಪ ಉರಿಯುತ್ತದಾ ಎಂದು. ಹೌದು ಎಂದೆ. ಹಾಗಿದ್ದರೆ ಅದು ಆರಿಲ್ಲ, ಕರೆಂಟು ಕುಡಿಯುತ್ತ ಕೂತಿದೆ, ಗೋಡೆಯ ಸ್ವಿಚ್ಚಿನಲ್ಲೇ ಆರಿಸಬೇಕು ಎಂದಳು. ಆ ಸಂಜೆ ಮನೆಯಿಡೀ ಸುತ್ತಿ ನಾನು ಆರು ಕೆಂಪು ದೀಪ ಹಿಡಿದೆ. ಫೋನು ಮಾಡಿ ಹೇಳಿದರೆ ಅವಳು ಖುಷಿಯಿಂದ ನಕ್ಕಳು. ಎಷ್ಟು ದಿನದ ಮೇಲೆ ಕೇಳಿದ ನಗು ಅದು. ಅಲ್ಲಿಂದ ನನಗೆ ಹುಚ್ಚು ಹಿಡಿಯಿತು.

ದಿನಕ್ಕೊಂದು ಪಾಠ. ಕಂಪ್ಯೂಟರನ್ನು ಮಲಗಿಸಿ ಹೋಗಬಾರದು, ಪೂರ್ತಿ ಆರಿಸಬೇಕು. ಪರದೆಯ ಬೆಳಕು ಅರ್ಧಕ್ಕಿಳಿಸಬೇಕು. ಫೋನು ಹಳತಾದರೆ ಬ್ಯಾಟರಿ ಬದಲಾಯಿಸಿದರೆ ಸಾಕು, ಫೋನೇ ಬದಲಾಯಿಸಬೇಕಿಲ್ಲ. ಹಳೆಯ ಸೆಲ್ಲುಗಳನ್ನು ಕಸಕ್ಕೆ ಹಾಕಬಾರದು ಎಂದಳೆಂದು ನಾನು ಅವನ್ನೆಲ್ಲ ಉಪ್ಪಿನಕಾಯಿ ಜಾಡಿಯಲ್ಲಿ ಕೂಡಿಹಾಕಿದೆ. ನನ್ನ ಸ್ವಭಾವವೇ ಅಂಥದ್ದು, ಒಂದನ್ನು ಹಿಡಿದರೆ ಎದುರಿಗಿದ್ದವರ ಪ್ರಾಣ ಹಿಂಡುವವರೆಗೆ ಬಿಡುವುದಿಲ್ಲ. ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಮೇಜು ಮೇಜಿಗೂ ಹೋಗಿ ಕಂಪ್ಯೂಟರ್ ಪರದೆ ಆರಿಸುತ್ತಿದ್ದೆ. ಒಮ್ಮೆ ಅವಸರದಲ್ಲಿ, ಗಿರಾಕಿ ಎದುರಿಗೆ ನಿಂತಿರುವಾಗಲೇ ಕ್ಯಾಷಿಯರ್ ಅವರ ಕಂಪ್ಯೂಟರನ್ನೇ ಆರಿಸಿಬಿಟ್ಟೆ. ಅವರು ತಲೆಯ ಮೇಲೆ ಕೈಹೊತ್ತು, "ಎಂಡೆ ಪೊನ್ನು ಚೇಚೀ, ಭೂಮಿ ನಾಳೆ ರಕ್ಷಿಕ್ಕಾಂ," ನನ್ನ ಚಿನ್ನದಂಥ ಅಕ್ಕ, ಭೂಮಿಯನ್ನು ನಾಳೆ ಕಾಪಾಡೋಣ, ಎಂದರು. ಇದನ್ನೂ ಮಗಳಿಗೆ ಹೇಳಿ ನಗಿಸಿದೆ. ನಿಜ ಹೇಳುತ್ತೇನೆ, ಭೂಮಿಯ ಚಿಂತೆ ನನಗೆ ಅಷ್ಟಕ್ಕಷ್ಟೆ. ಮಗಳ ಜೊತೆ ಮಾತಾಡಲು ನನಗೆ ಏನಾದರೂ ಬೇಕಾಗಿತ್ತು.

ಆಮೇಲೆ ಬಂತು ಆ ಕ್ಲೌಡು. ಅದು ಮೋಡವಲ್ಲ ಅಮ್ಮಾ, ಎಲ್ಲೋ ಒಂದು ದೊಡ್ಡ ಗೋಡೌನು, ಹಗಲೂ ರಾತ್ರಿ ಅಲ್ಲಿ ಯಂತ್ರಗಳು ಓಡುತ್ತವೆ, ಅವು ಕಾಯದ ಹಾಗೆ ನೀರು ಸುರಿಯುತ್ತಾರೆ, ನಾವು ಬೇಡದ ಫೋಟೋ ಒಂದೊಂದನ್ನೂ ಅಲ್ಲಿಟ್ಟು ಎಂದೂ ನೋಡುವುದಿಲ್ಲ ಎಂದು ಅವಳು ವಿವರಿಸಿದಳು. ನನ್ನದೂ ಇತ್ತು. ಗಂಡ ಇದ್ದಾಗಲೇ ಅವರೇ ಆ ರೆಕಾರ್ಡಿಂಗುಗಳನ್ನೂ ಫೋಟೋಗಳನ್ನೂ ಅದಕ್ಕೆ ಏರಿಸಿದ್ದರು, ಮನೆಯ ಕಂಪ್ಯೂಟರಿನಲ್ಲೂ ಒಂದು ಪ್ರತಿ ಇತ್ತು, ಅವರ ಕಪ್ಪು ಡಿಸ್ಕಿನಲ್ಲಿ ಇನ್ನೊಂದು. ಎರಡು ವಾರ ಕೂತು ನಾನು ತೊಳೆದೆ. ಮಸುಕಾದ ಫೋಟೋ, ಎರಡೆರಡು ಸಲ ಬಂದ ಫೋಟೋ, ಯಾರದೋ ಮದುವೆಯ ವಿಡಿಯೋ. ಕೊನೆಗೆ, ಕಪ್ಪು ಡಿಸ್ಕಿನಲ್ಲಿ ಎಲ್ಲ ಸರಿಯಾಗಿದೆಯಾ ಎಂದು ಒಮ್ಮೆ ಕೇಳಿ ನೋಡಿ, ಮೋಡದಲ್ಲಿದ್ದ ಭಾನುವಾರಗಳನ್ನೂ ಕಂಪ್ಯೂಟರಿನಲ್ಲಿದ್ದದ್ದನ್ನೂ ಅಳಿಸಿದೆ. ಶಾಶ್ವತವಾಗಿ ಅಳಿಸಲೇ ಎಂದು ಅದು ಕೇಳಿತು. ಅಳಿಸು ಎಂದೆ.

ಮೂವತ್ತು ವರ್ಷ ಬ್ಯಾಂಕಿನಲ್ಲಿ ಸ್ಟ್ರಾಂಗ್ ರೂಮಿನ ಬೀಗಕ್ಕೆ ಎರಡು ಕೀ, ಇಬ್ಬರ ಕೈಯಲ್ಲಿ ಒಂದೊಂದು ಎಂಬ ನಿಯಮವನ್ನು ಜಪ ಮಾಡಿದವಳು ನಾನು. ಯಾವುದೂ ಒಂದೇ ಕಡೆ ಇರಬಾರದು ಎಂದು ಹೊಸಬರಿಗೆ ಪಾಠ ಹೇಳಿದವಳು. ನನ್ನ ಮನೆಯ ವಿಷಯಕ್ಕೆ ಬಂದಾಗ ಆ ಬುದ್ಧಿ ಎಲ್ಲಿ ಮಣ್ಣು ತಿನ್ನಲು ಹೋಗಿತ್ತೋ. ಒಂದಿದ್ದರೆ ಸಾಕು, ಮೂರು ಯಾಕೆ, ದಂಡ ಎಂದುಕೊಂಡೆ. ಕ್ಲೌಡು ಖಾಲಿ ಮಾಡಿದೆ ಎಂದು ಹೆಮ್ಮೆಯಿಂದ ಫೋನು ಮಾಡಿ ಹೇಳಿದೆ ಬೇರೆ. ಏನೇನು ಅಳಿಸಿದೆ, ಏನು ಎಲ್ಲಿ ಉಳಿಯಿತು ಎಂದು ಬಿಡಿಸಿ ಹೇಳಲಿಲ್ಲ. ಅವಳು "ಮಿಡುಕ್ಕಿ," ಜಾಣೆ, ಎಂದಳು.

ನಿವೃತ್ತಿಯಾದ ಮೇಲೆ ತಿರುವನಂತಪುರದ ಮನೆ ಖಾಲಿ ಮಾಡಿ ಆಲುವಕ್ಕೆ ಬಂದೆ. ಗಂಡ ರಿಪೇರಿಗೆಂದು ಇಟ್ಟುಕೊಂಡಿದ್ದ ಸಾಮಾನು ಹಾಗೇ ಜೊತೆಗೆ ಬಂತು, ಏಳೆಂಟು ರಟ್ಟಿನ ಪೆಟ್ಟಿಗೆ. ಹಳೆಯ ಮದರ್‌ಬೋರ್ಡು, ವೈರು, ಸತ್ತ ಫೋನುಗಳು, ಒಂದು ಪ್ರಿಂಟರು. ಮಗಳ ಫ್ಲಾಟಿನಲ್ಲಿ ಕಾಲಿಡಲು ಜಾಗವಿಲ್ಲ. ತಿರುವನಂತಪುರದಲ್ಲಾಗಿದ್ದರೆ ಸೈಕಲ್ಲಿನಲ್ಲಿ ಬರುವ ಹಳೇ ಸಾಮಾನಿನವನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಅದನ್ನೇ ಹೇಳಿದೆ. ಮಗಳು ಒಪ್ಪಲಿಲ್ಲ. ಅವರು ತಂತಿ ಸುಟ್ಟು ತಾಮ್ರ ತೆಗೆಯುತ್ತಾರೆ, ಆ ಹೊಗೆ ಮೊದಲು ಹೋಗುವುದು ಅವರ ಎದೆಗೇ, ಮಿಕ್ಕಿದ್ದು ಪೆರಿಯಾರ್ ನದಿಗೆ ಎಂದಳು. ಮಾತು ನಿಜ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವಳೇ ಮುಂದೆ ನಿಂತು ಒಂದು ಶನಿವಾರ ಇ-ವೇಸ್ಟ್ ಸಂಗ್ರಹ ಏರ್ಪಡಿಸಿದ್ದಳು. ಪರವಾನಗಿ ಇರುವ ಕಂಪನಿಯ ಗಾಡಿ ಮಧ್ಯಾಹ್ನಕ್ಕೆ ಬರುವುದಿತ್ತು.

ಆ ಬೆಳಿಗ್ಗೆ ಅವಳು ಹಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಸಾಮಾನು ಬೇರೆ ಮಾಡುತ್ತಿದ್ದಳು. ಪಕ್ಕದಲ್ಲಿ ಬಾಯಿ ತೆರೆದ ಪೆಟ್ಟಿಗೆ, ಅದು ಗಾಡಿಗೆ ಹೋಗುವುದು. ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಒಂದೊಂದನ್ನೇ ಎತ್ತಿ ಕೇಳುತ್ತಿದ್ದಳು, ನಾನು ನಿಂತಲ್ಲಿಂದಲೇ ಉತ್ತರ ಕೊಡುತ್ತಿದ್ದೆ. ಪ್ರಿಂಟರ್? ಕೊಟ್ಬಿಡು. ಈ ಫೋನು? ಕೊಡು. ಆಮೇಲೆ ಕೇಳಿದಳು:

"ಅಮ್ಮಾ, ಈ ಕರುತ್ತ ಡಿಸ್ಕ್ ಎಂತಾ ಚೆಯ್ಯಂಡೇ?" ಈ ಕಪ್ಪು ಡಿಸ್ಕ್ ಏನು ಮಾಡಬೇಕು.

"ಅದನ್ನ ಇಡು," ಎಂದೆ.

"ಇಡಾಂ," ಎಂದಳು.

ಸಾರು ಕುದಿಯಿತು. ನನ್ನ ಸಮಾಧಾನಕ್ಕೆ ಇನ್ನೊಂದು ಸಲ ಕೇಳಿದೆ, ಅದೂ ನೆನಪಿದೆ. "ಇಟ್ಯೇನೇ?"

"ಇಟ್ಟು ಅಮ್ಮಾ."

ಇಬ್ಬರಿಗೂ ಸಮಾಧಾನವಾಯಿತು. ಮಧ್ಯಾಹ್ನ ಗಾಡಿ ಬಂತು, ಪೆಟ್ಟಿಗೆಗಳು ಹೋದವು. ಅಪಾರ್ಟ್‌ಮೆಂಟಿನವರು ಚಪ್ಪಾಳೆ ತಟ್ಟಿ ಒಂದು ಫೋಟೋ ತೆಗೆಸಿಕೊಂಡರು. ಅದರಲ್ಲಿ ನಾನೂ ಹಲ್ಲು ಕಿಸಿದುಕೊಂಡು ನಿಂತಿದ್ದೇನೆ.

ಹತ್ತು ದಿನದ ಮೇಲೆ ಗಂಡನ ತಿಥಿ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಬಂದ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾನಾಗಿಯೇ, "ಈ ಪ್ರಾವಶ್ಯಂ ಞಾನುಂ ಕೇಳ್ಕಾಂ ಅಮ್ಮಾ" ಎಂದಳು. ಈ ಸಲ ನಾನೂ ಕೇಳುತ್ತೇನೆ. ನಾಲ್ಕು ವರ್ಷ ಕಾದಿದ್ದೆ ಆ ಮಾತಿಗೆ. ಕಾಗೆಗೆ ಇಟ್ಟು ಬಂದು, ಕೈ ಒರೆಸಿಕೊಂಡು, "ಹಾಗಾದ್ರೆ ಆ ಡಿಸ್ಕ್ ತಗೊಂಡ್ ಬಾ" ಎಂದೆ.

"ಯಾವ ಡಿಸ್ಕ್?" ಅದನ್ನು ಅವಳು ಕನ್ನಡದಲ್ಲೇ ಕೇಳಿದಳು.

"ಅಪ್ಪಂದು. ಕಪ್ಪು ಡಿಸ್ಕ್. ಅವತ್ತು ಇಡು ಅಂದ್ನಲ್ಲ."

"ಇಟ್ಟಲ್ಲೋ." ಇಟ್ಟೆನಲ್ಲ.

"ಎಲ್ಲಿಟ್ಟೆ?"

"ಆ ಪೆಟ್ಟಿಯಿಲ್." ಆ ಪೆಟ್ಟಿಗೆಯಲ್ಲಿ.

ಯಾವ ಪೆಟ್ಟಿಗೆ ಎಂದು ನಾನು ಮತ್ತೆ ಕೇಳಿದೆ. ಅವಳು ನನ್ನ ಮುಖ ನೋಡುತ್ತ ನಿಂತಳು. ಅವಳಿಗೆ ನನಗಿಂತ ಮೊದಲು ಗೊತ್ತಾಯಿತು. "ಅಮ್ಮ ಪರಞ್ಞಿಟ್ಟಲ್ಲೇ ಇಟ್ಟದ್," ಅಮ್ಮ ಹೇಳಿದ್ದಕ್ಕೇ ತಾನೇ ಇಟ್ಟದ್ದು, ಎಂದು ಬಹಳ ಮೆತ್ತಗೆ ಹೇಳಿದಳು. ನಾನು ನೆಲದ ಮೇಲೇ ಕೂತೆ.

ಕನ್ನಡ ಮಾತ್ರ ಬಲ್ಲವರಿಗೆ ಇದು ಅರ್ಥವಾಗುವುದು ಕಷ್ಟ. ನಮಗೆ ಇಡುವುದೆಂದರೆ ಜೋಪಾನವಾಗಿ ಒಂದು ಕಡೆ ಇರಿಸುವುದು. ಕಸಕ್ಕೆ ಹಾಕುವುದನ್ನು ಯಾರೂ ಇಡುವುದು ಎನ್ನುವುದಿಲ್ಲ. ಮಲಯಾಳದಲ್ಲಿ ಜೋಪಾನಕ್ಕೆ ಬೇರೆ ಮಾತಿದೆ, ವೆಯ್ಕ್ಕುಗ ಎನ್ನುತ್ತಾರೆ. ಇಡುವುದೆಂದರೆ ಅವರಿಗೆ ಹಾಕುವುದು. ಅಂಗಿ ಇಡುತ್ತಾರೆ, ಸಾರಿಗೆ ಉಪ್ಪು ಇಡುತ್ತಾರೆ, ಕಸವನ್ನು ಡಬ್ಬಿಗೆ ಇಡುತ್ತಾರೆ. 'ಚಪ್ಪುಚವರ್ ಇವಿಡೆ ಇಡರುತ್,' ಕಸ ಇಲ್ಲಿ ಹಾಕಬೇಡಿ, ಎಂದು ಬೀದಿಯ ಗೋಡೆ ಗೋಡೆಯ ಮೇಲೂ ಬರೆದಿರುತ್ತದೆ. ಮೂವತ್ತು ವರ್ಷ ಆ ಗೋಡೆಗಳನ್ನು ಓದಿಕೊಂಡು ಬ್ಯಾಂಕಿಗೆ ನಡೆದವಳು ನಾನು. ಮಗಳು ಚಿಕ್ಕವಳಿದ್ದಾಗ "ಅಮ್ಮಾ, ಫ್ರಾಕ್ ಇಟ್ಟೆ" ಎನ್ನುತ್ತಿದ್ದಳು. ಹಾಕಿಕೊಂಡೆ ಎನ್ನಲು. "ಎಲ್ಲಿ ಇಟ್ಟೆ, ಬೀರುವಲ್ಲಾ?" ಎಂದು ನಾವಿಬ್ಬರೂ ರೇಗಿಸುತ್ತಿದ್ದೆವು. ರೇಗಿಸಿದೆವು, ತಿದ್ದಲಿಲ್ಲ. ಒಲೆ ಮೇಲೆ ಇಡು, ಮೇಜಿನ ಮೇಲೆ ಇಡು ಎಂದರೆ ಎರಡು ಭಾಷೆಯಲ್ಲೂ ಪಾತ್ರೆ ಸರಿಯಾದ ಜಾಗಕ್ಕೇ ಹೋಗುತ್ತದೆ. ಹಾಗಾಗಿ ಇಪ್ಪತ್ತೈದು ವರ್ಷ ಆ ಮಾತು ನಮ್ಮನೆಯಲ್ಲಿ ಯಾರಿಗೂ ತೊಂದರೆ ಕೊಡದೆ ಓಡಾಡಿಕೊಂಡಿತ್ತು. ಬಾಯಿ ತೆರೆದ ಪೆಟ್ಟಿಗೆಯ ಪಕ್ಕ ಕೂತವಳಿಗೆ ಇಡು ಎಂದರೆ ಅವಳು ಇನ್ನೆಲ್ಲಿಗೆ ಇಡಬೇಕು.

ತಿಥಿಯ ಅಡುಗೆ ಹಾಗೇ ಬಿಟ್ಟು ಆಟೋ ಹಿಡಿದೆವು. ಆಲುವದಿಂದಾಚೆ ಕಾರ್ಖಾನೆಗಳ ಕಡೆ ಆ ಘಟಕ. ನನಗೆ ಇನ್ನೂ ಆಸೆಯಿತ್ತು. ನಮ್ಮ ದೇಶದಲ್ಲಿ ಹತ್ತು ದಿನಕ್ಕೆ ಯಾವ ಕೆಲಸ ಆಗುತ್ತದೆ, ಎಲ್ಲೋ ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿರುತ್ತದೆ, ಕೈಮುಗಿದು ಕೇಳಿದರೆ ಹುಡುಕಿಕೊಡುತ್ತಾರೆ ಎಂದು ದಾರಿಯುದ್ದಕ್ಕೂ ಮಗಳಿಗೆ ಹೇಳಿದೆ. ಜೀವನದಲ್ಲಿ ಮೊದಲ ಸಲ ಸೋಮಾರಿತನಕ್ಕೆ ಹರಕೆ ಹೊತ್ತೆ.

ಅವರು ಸೋಮಾರಿಗಳಾಗಿರಲಿಲ್ಲ. ಮೇಲ್ವಿಚಾರಕರು ನಡುವಯಸ್ಸಿನವರು, ಮರ್ಯಾದಸ್ಥರು. ನಮ್ಮನ್ನು ಕೂರಿಸಿ ನೀರು ಕೊಟ್ಟರು. ಪುಸ್ತಕ ತಿರುವಿ ನಮ್ಮ ಅಪಾರ್ಟ್‌ಮೆಂಟಿನ ಹೆಸರಿನ ಮೇಲೆ ಬೆರಳಿಟ್ಟು, ಸಾಮಾನು ಬಂದ ಮೂರನೆಯ ದಿನವೇ ಯಂತ್ರಕ್ಕೆ ಹೋಗಿದೆ ಎಂದರು. ಡಿಸ್ಕುಗಳನ್ನಂತೂ ಎಲ್ಲಕ್ಕಿಂತ ಮೊದಲು ಅರೆಯುತ್ತಾರಂತೆ, ಜನರ ಖಾಸಗಿ ವಿಷಯ ಅದರಲ್ಲಿರುತ್ತದಲ್ಲ, ಯಾರ ಕೈಗೂ ಸಿಗಬಾರದಲ್ಲ. "ಅದೊಕ್ಕೆ ಪೊಡಿಞ್ಞು ಪೋಯಿ ಚೇಚೀ," ಎಂದರು. ಅದೆಲ್ಲ ಪುಡಿಯಾಗಿ ಹೋಯಿತು. ಆ ಒಂದು ಮಾತಿಗೆ ಮಾತ್ರ ಎರಡು ಭಾಷೆಯಲ್ಲೂ ಒಂದೇ ಅರ್ಥ.

ನಾನು ನಂಬಲಿಲ್ಲ, ನೋಡಬೇಕು ಎಂದೆ. ಒಳಗೆ ಕರೆದೊಯ್ದರು. ನೀಲಿ ಡ್ರಮ್ಮುಗಳ ಸಾಲು. ಒಂದರೊಳಗೆ ಬೆರಳುಗುರಿನಷ್ಟು ಚೂರುಗಳು, ಬೆಳ್ಳಗೆ ಕಪ್ಪಗೆ ಹೊಳೆಯುತ್ತಿದ್ದವು. ಮಗಳು ಕೈ ಹಾಕಲು ಹೋದಳು. ಕುಯ್ಯುತ್ತದೆ ಮಗಳೇ ಎಂದು ಅವರು ತಡೆದರು. ಇನ್ನೊಂದು ಬದಿಗೆ ಅಂದೇ ಬಂದ ರಾಶಿ, ಆಳೆತ್ತರ. ಅದರಲ್ಲಿ ಗೀರೂ ಬಿದ್ದಿರದ ಫೋನುಗಳಿದ್ದವು, ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿರದ ಕೀಬೋರ್ಡುಗಳಿದ್ದವು. ದಿನವೂ ಇಷ್ಟು ಬರುತ್ತದಾ ಎಂದು ಕೇಳಿದೆ. ಇದೇನು ಮಹಾ, ಇವತ್ತು ಕಡಿಮೆ ಎಂದರು. ನಾನು ಆರಿಸಿದ ಕೆಂಪು ದೀಪಗಳು, ಜಾಡಿಯಲ್ಲಿ ಕೂಡಿಹಾಕಿದ ಸೆಲ್ಲುಗಳು, ಅಳಿಸಿದ ಭಾನುವಾರಗಳು, ಎಲ್ಲ ಸೇರಿದರೂ ಆ ರಾಶಿಯ ಒಂದು ಮೂಲೆ ತಗ್ಗುತ್ತಿರಲಿಲ್ಲ. ಯಾರಿಗೆ ಏನು ಉಳಿಸಿದೆ ನಾನು? ಸೈಕಲ್ಲಿನವನಿಗೆ ಕೊಟ್ಟಿದ್ದರೆ ಅವನು ಅದನ್ನು ತನ್ನ ಗುಡಿಸಲ ಹಿಂದೆ ಆರು ತಿಂಗಳು ಬಿಸಾಕಿರುತ್ತಿದ್ದ, ಹೋಗಿ ಹೆಕ್ಕಿ ತರಬಹುದಿತ್ತು. ನಾವು ಸರಿಯಾದದ್ದನ್ನೇ ಮಾಡಿದೆವು, ಅವರೂ ಸರಿಯಾದದ್ದನ್ನೇ ಮಾಡಿದರು. ಬೈಯಲು ಒಬ್ಬರೂ ಸಿಗಲಿಲ್ಲ. ಹೊರಡುವಾಗ ಅವರೇ ಆ ಪ್ರಮಾಣಪತ್ರವನ್ನು ಕವರಿನಲ್ಲಿ ಹಾಕಿ ಕೊಟ್ಟರು, ಅಂಚೆಗೆ ಹಾಕುವುದರಲ್ಲಿದ್ದರಂತೆ.

ವಾಪಸು ಬರುವಾಗ ಆಟೋದಲ್ಲಿ ಮಗಳು ಕೇಳಿದಳು, ಅದರಲ್ಲಿ ಅಪ್ಪ ಏನೇನು ಹೇಳುತ್ತಿದ್ದರು, ತಾನು ಏನು ಹೇಳುತ್ತಿದ್ದಳು ಎಂದು. ಹೇಳಲು ಶುರುಮಾಡಿದೆ. "ನಾನು ಅಂದ್ರೆ ನಾನೇ" ಅಂದಿದ್ದನ್ನು ಹೇಳಿದೆ. ಅಜ್ಜಿಯ ಹಲ್ಲಿನ ಸೆಟ್ಟಿನ ಬಗ್ಗೆ ಚಾಡಿ ಹೇಳಿದ್ದನ್ನು ಹೇಳಿದೆ. ಕಾಗೆಗೆ ಯಾಕೆ ಚಪ್ಪಲಿ ಇಲ್ಲ ಎಂದು ಕೇಳಿದ್ದನ್ನು, ಅದಕ್ಕೆ ಅವಳಪ್ಪ ಏನೋ ಒಂದು ಹೇಳಿ ಅವಳು ಬಿದ್ದು ಬಿದ್ದು ನಕ್ಕಿದ್ದನ್ನು. ಏನು ಹೇಳಿದರು ಎಂದು ಕೇಳಿದಳು. ನನಗೆ ನೆನಪಿರಲಿಲ್ಲ. ಆಮೇಲೆ? ಎಂದಳು. ಆಮೇಲೆ ಏನೂ ಬರಲಿಲ್ಲ. ಅಷ್ಟು ಸಲ ಕೇಳಿದವಳು, ಐದು ನಿಮಿಷಕ್ಕೆ ಖಾಲಿಯಾಗಿಬಿಟ್ಟೆ. ದನಿ ಹೇಗಿತ್ತು ಎಂದು ಕೇಳಿದಳು. ದನಿಯನ್ನು ಹೇಗೆ ಹೇಳುವುದು? ಸ್ವಲ್ಪ ಮೂಗಿನಲ್ಲಿ ಮಾತಾಡುತ್ತಿದ್ದರು ಎಂದೆ. ನಿನಗೂ ನೆನಪಿ‍ಲ್ಲವೇ ಎಂದು ಕೇಳಲು ಭಯವಾಯಿತು.

ಫ್ಲಾಟಿನ ಬಾಗಿಲಿಗೆ ಒಂದು ದೊಡ್ಡ ಪೆಟ್ಟಿಗೆ ಒರಗಿತ್ತು. ಅವಳ ಹೊಸ ಲ್ಯಾಪ್‌ಟಾಪು. ಹಳೆಯದಕ್ಕೆ ಏನೂ ಆಗಿರಲಿಲ್ಲ. ಕಾಲೇಜಿನ ಪರೀಕ್ಷೆಯ ಹೊಸ ತಂತ್ರಾಂಶ ಅದರಲ್ಲಿ ಓಡುವುದಿಲ್ಲವಂತೆ, ಬೇರೆ ದಾರಿ ಇರಲಿಲ್ಲ. ಒಂದು ತಿಂಗಳು ಒದ್ದಾಡಿ, ಮನಸ್ಸಿಲ್ಲದ ಮನಸ್ಸಿನಿಂದ ತರಿಸಿದ್ದಳು. ಅದೆಲ್ಲ ನನಗೆ ಗೊತ್ತಿತ್ತು. ಆದರೂ ಒಳಗೆ ಎಳೆದು ತೆರೆದಾಗ ಪೆಟ್ಟಿಗೆಯೊಳಗೊಂದು ಪೆಟ್ಟಿಗೆ, ಅದರ ಸುತ್ತ ಥರ್ಮೋಕೋಲು, ಪ್ಲಾಸ್ಟಿಕ್ಕಿನ ಚೀಲ, ಚೀಲದೊಳಗೆ ಚೀಲ, ಇವನ್ನು ನೋಡುತ್ತಿದ್ದ ಹಾಗೆ ನನ್ನ ತಲೆ ಕೆಟ್ಟಿತು. ಬೈಯಲು ಬೆಳಗಿನಿಂದ ಯಾರೂ ಸಿಕ್ಕಿರಲಿಲ್ಲ. ಇವಳು ಸಿಕ್ಕಿದಳು.

"ಇದಕ್ಕಾ ಇಷ್ಟೆಲ್ಲಾ ನಾಟಕ? ಎರಡಕ್ಷರ ಕನ್ನಡ ತಲೇಲಿ ಉಳಿಸ್ಕೊಳ್ಳೋ ಯೋಗ್ಯತೆ ಇಲ್ಲ, ಭೂಮಿ ಉಳಿಸಕ್ಕೆ ಹೊರಟಿದ್ದಾಳೆ. ನಿಮ್ಮಪ್ಪನ್ನ ನೀನೇ ಕಸಕ್ಕೆ ಹಾಕ್ದೆ."

ಈ ಮಾತಿನಲ್ಲಿ ಮಲಯಾಳದ ಕಿವಿಗೆ ತಪ್ಪಾಗಿ ಕೇಳಿಸಬಹುದಾದ ಒಂದು ಶಬ್ದವೂ ಇರಲಿಲ್ಲ. ಪೂರ್ತಿ ಅರ್ಥವಾಯಿತು ಅವಳಿಗೆ. ಥರ್ಮೋಕೋಲಿನ ತುಂಡುಗಳನ್ನು ಒಂದೊಂದಾಗಿ ಆಯ್ದು ಮತ್ತೆ ಪೆಟ್ಟಿಗೆಗೆ ಜೋಡಿಸಿ, ಮುಚ್ಚಿ, ಗೋಡೆಗೆ ಸರಿಸಿ, ತನ್ನ ಕೋಣೆಗೆ ಹೋದಳು. ಬಾಗಿಲನ್ನೂ ದಢಾರನೆ ಹಾಕಲಿಲ್ಲ. ತಿಥಿಯ ಊಟ ಇಬ್ಬರೂ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಬಂದು ಅವಳು ಇಂಗ್ಲಿಷಿನಲ್ಲಿ, ಟೀ ಮಾಡಿಕೊಡಲೇ ಎಂದು ಕೇಳಿದಳು. ಸಿಟ್ಟು ಅಂದುಕೊಂಡೆ, ಎರಡು ದಿನದಲ್ಲಿ ಇಳಿಯುತ್ತದೆ ಬಿಡು. ಇಳಿಯಲು ಅದು ಸಿಟ್ಟಾಗಿರಲಿಲ್ಲ. ನಾನು ಕನ್ನಡದಲ್ಲಿ ಏನಾದರೂ ಕೇಳಿದರೆ ಒಂದು ಕ್ಷಣ ನಿಂತು, "ಇನ್ ಇಂಗ್ಲಿಷ್, ಅಮ್ಮಾ. ಪ್ಲೀಸ್," ಎನ್ನುತ್ತಾಳೆ. ತನ್ನಿಂದ ಇನ್ನೊಂದು ತಪ್ಪಾಗಬಾರದು, ಅದಕ್ಕೆ, ಎಂದು ಒಮ್ಮೆ ವಿವರಿಸಿದಳು, ಅದೂ ಇಂಗ್ಲಿಷಿನಲ್ಲಿ, ತರಗತಿಯಲ್ಲಿ ಹೇಳುವ ಹಾಗೆ ಬಿಡಿಬಿಡಿಸಿ. ಮಲಯಾಳವನ್ನೂ ಬಿಟ್ಟಳು ನನ್ನ ಜೊತೆ. ನಾನು ಮೊದಲು ಹಠ ಹಿಡಿದೆ, ರೇಗಿದೆ, ಅತ್ತೆ, ಕ್ಷಮಿಸು ಕಣೆ ಎಂದೂ ಹೇಳಲು ಹೋದೆ. ಬಾಯಿ ತೆರೆಯುವಷ್ಟರಲ್ಲೇ ಅವಳು ಪ್ಲೀಸ್ ಎಂದಳು. ಕ್ಷಮೆಯನ್ನೂ ಇಂಗ್ಲಿಷಿನಲ್ಲೇ ಕೇಳಿದೆ. ಬ್ಯಾಂಕಿನಲ್ಲಿ ಗಿರಾಕಿಗೆ ತಡವಾದದ್ದಕ್ಕೆ ವಿಷಾದಿಸುತ್ತೇವೆ ಎಂದು ಬರೆದ ಹಾಗಾಯಿತು. ಅವಳು ಇಟ್ಸ್ ಓಕೆ ಎಂದಳು.

ಇದು ಆರನೆಯ ತಿಂಗಳು. ಒಳ್ಳೆಯ ಹುಡುಗಿ, ನನ್ನ ಮಾತ್ರೆ ಮರೆಯುವುದಿಲ್ಲ, ಭಾನುವಾರ ಹೊರಗೆ ಕರೆದುಕೊಂಡು ಹೋಗುತ್ತಾಳೆ, ಎಲ್ಲ ಮಾತು ಸ್ಪಷ್ಟವಾಗಿ, ತಪ್ಪಿಗೆ ಎಡೆಯಿಲ್ಲದ ಹಾಗೆ ಆಡುತ್ತಾಳೆ. ನಾನೂ ಹಾಗೇ ಉತ್ತರ ಕೊಡುತ್ತೇನೆ. ಅವಳು ಹುಟ್ಟಿದ ದಿನ ಕಿವಿಯ ಹತ್ತಿರ ಬಾಯಿಟ್ಟು ಕನ್ನಡದಲ್ಲಿ ಏನು ಹೇಳಿದ್ದೆನೋ ನನಗೆ ನೆನಪಿಲ್ಲ. ಕೊನೆಯ ಸಲ, ಅವಳು ತಡೆಯದೆ ಪೂರ್ತಿ ಕೇಳಿಸಿಕೊಂಡ ಹಾಗೆ, ಕನ್ನಡದಲ್ಲಿ ಏನು ಹೇಳಿದೆ ಎಂಬುದು ಇಬ್ಬರಿಗೂ ನೆನಪಿದೆ. ನಿಮ್ಮಪ್ಪನನ್ನು ನೀನೇ ಕಸಕ್ಕೆ ಹಾಕಿದೆ ಎಂದೆ. ಅದಕ್ಕೆ ಅವಳು ಈವರೆಗೆ ಯಾವ ಭಾಷೆಯಲ್ಲೂ ಉತ್ತರ ಕೊಟ್ಟಿಲ್ಲ.